ಕೊನೆಯ ಬೆಂಚಿನಿಂದ ಹೋದ ಫೋನು

ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಡುಗೆ ಕಟ್ಟೆಯ ಮೇಲಿನ ಫೋನು ಆಗಲೇ ಬಡಿದುಕೊಳ್ಳುತ್ತಿದೆ. ಚಹಾ ಸೋಸುತ್ತಿದ್ದವರು ಅದನ್ನೆತ್ತಿ ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಳ್ಳುತ್ತಾರೆ. "ಜ್ವರನಾ? ಸುಮ್ನೆ ಮಲ್ಕೊಳ್ಳಿ. ಐದನೇ ಕ್ಲಾಸಿಗೆ ನಾನು ಯಾರನ್ನಾದ್ರೂ ನೋಡ್ತೀನಿ." ಇಟ್ಟು ಉಸಿರು ಬಿಡುವಷ್ಟರಲ್ಲಿ ಇನ್ನೊಂದು. ಚಿತ್ರಕಲೆ ಮೇಷ್ಟ್ರ ಮಗುವಿಗೆ ವಾಂತಿಯಂತೆ, ಅವರು ಬರುವುದಿಲ್ಲ. ಚಿತ್ರಕಲೆ ಮೇಷ್ಟ್ರೇ ಇವತ್ತು ಗಣಿತದ ಕ್ಲಾಸಿಗೆ ಬದಲಿಯಾಗಿ ಹೋಗಬೇಕಿತ್ತು ಎನ್ನುವುದು ಬೇರೆ ಮಾತು. ಅಷ್ಟರಲ್ಲಿ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯುತ್ತದೆ.

"ಮದುವೆ ಆಗಿದ್ದು ನನ್ನ ಮಗನ್ನ, ಸಂಸಾರ ಮಾಡ್ತಿರೋದು ಫೋನಿನ ಜೊತೆ," ಎನ್ನುತ್ತಾ ಅತ್ತೆ ಒಲೆ ಆರಿಸುತ್ತಾರೆ. ಬೈಗುಳ ಏನೇ ಇರಲಿ, ಸೊಸೆಯ ಊಟದ ಡಬ್ಬಿ ಕಟ್ಟಿ ಚೀಲಕ್ಕಿಡುವವರೂ ಅವರೇ.

ನಾಲ್ಕು ಶಾಲೆಗಳನ್ನು ನಡೆಸುವ ಸಂಸ್ಥೆಯ ಸಿಬ್ಬಂದಿ ವಿಭಾಗದ ಮುಖ್ಯಸ್ಥೆ ಇವರು. ಬಾಗಿಲ ಮೇಲಿನ ಫಲಕದಲ್ಲಿ ಉದ್ದದ ಹುದ್ದೆಯ ಹೆಸರಿದೆ, ಶಿಕ್ಷಕರ ಬಾಯಲ್ಲಿ ಮಾತ್ರ ಬರೀ 'ಬದಲಿ ಅಕ್ಕ'. ಯಾರು ಬರಲಿಲ್ಲವೋ ಅವರ ಜಾಗಕ್ಕೆ ಬದಲಿ ಹುಡುಕುವುದು, ಯಾರು ಬಿಟ್ಟು ಹೋದರೋ ಅವರ ಮನೆ ಬಾಗಿಲು ತಟ್ಟುವುದು ಇವರ ಕೆಲಸ. ತರಗತಿ ಸರಿಯಾಗಿ ನಡೆದರೆ ಹೆಸರು ಶಿಕ್ಷಕರಿಗೆ, ನಡೆಯದಿದ್ದರೆ ಫೋನು ಇವರಿಗೆ. ವಾರ್ಷಿಕೋತ್ಸವದ ವೇದಿಕೆಗೆ ಇವರನ್ನು ಯಾರೂ ಕರೆದದ್ದಿಲ್ಲ. ಕರೆದಿದ್ದರೂ ಅವರು ಆ ಹೊತ್ತಿಗೆ ಯಾವುದೋ ಮೂಲೆಯಲ್ಲಿ ಫೋನು ಹಿಡಿದು ನಿಂತಿರುತ್ತಿದ್ದರು, ಅದೂ ನಿಜ.

ಕೊರೊನಾ ಕಳೆದು ಶಾಲೆಯ ಗೇಟು ತೆರೆದಾಗ ಮಕ್ಕಳು ಓಡೋಡಿ ಬಂದರು. ಶಿಕ್ಷಕರು ಬರಲಿಲ್ಲ. ಒಬ್ಬರು ಮನೆಯಲ್ಲೇ ಕೇಕ್ ಮಾಡಿ ಮಾರುತ್ತಿದ್ದರು, ಇನ್ನೊಬ್ಬರು ವಿಮೆ ಕಂಪನಿ ಸೇರಿದ್ದರು, ಮತ್ತೊಬ್ಬರಿಗೆ ಗಂಟೆಯ ಸದ್ದು ಕೇಳಿದರೇ ಎದೆ ಹೊಡೆದುಕೊಳ್ಳುತ್ತಿತ್ತು. ಬದಲಿ ಅಕ್ಕ ಎಲ್ಲರ ಮನೆಗೂ ಹೋದರು. ಎಲ್ಲರಿಗೂ ಒಂದೇ ಮಾತು ಹೇಳಿದರು: "ಮಕ್ಕಳು ನಿಮ್ಮನ್ನ ತುಂಬಾ ನೆನೆಸ್ಕೋತಾರೆ."

ಆ ಮಾತು ಎಡವಿದ್ದು ವಿಜ್ಞಾನದ ಮೇಡಂ ಹತ್ತಿರ. ಎಂಟನೇ ತರಗತಿಯ ಜೀವಾಳವಾಗಿದ್ದ ಅವರು ಈಗ ತಮ್ಮ ಅಕ್ಕನ ಹೊಲಿಗೆ ಅಂಗಡಿಯಲ್ಲಿ ಕೂತು ಗುಂಡಿ ಹಚ್ಚುತ್ತಿದ್ದರು. ಕ್ಯಾಮೆರಾ ಆರಿಸಿಕೊಂಡ ಮಕ್ಕಳ ಮುಂದೆ ಎರಡು ವರ್ಷ ಮಾತಾಡಿ, ಆ ಕಡೆ ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದು ಅವರ ಮನಸ್ಸು ಕಲ್ಲಾಗಿತ್ತು. ಸೂಜಿಯಿಂದ ತಲೆ ಎತ್ತದೆ ಕೇಳಿದರು: "ಯಾವ ಮಗು ಅಕ್ಕ? ಒಂದು ಹೆಸರು ಹೇಳಿ ನೋಡೋಣ."

ಬದಲಿ ಅಕ್ಕನಿಗೆ ಒಂದು ಹೆಸರೂ ಹೊಳೆಯಲಿಲ್ಲ. "ಮುಖಕ್ಕೆ ಹೊಡೆದ ಹಾಗಾಯ್ತು. ಟೀಚರ್‌ಗಳ ಹೆಸರು ಕೇಳಿ, ಪಟಪಟ ಹೇಳ್ತೀನಿ. ಯಾರಿಗೋಸ್ಕರ ಇದೆಲ್ಲಾ ಮಾಡ್ತಿದ್ದೀನೋ ಆ ಮಕ್ಕಳಲ್ಲಿ ಒಬ್ಬರನ್ನೂ ನಾನು ನೋಡಿರ್ಲಿಲ್ಲ," ಎನ್ನುತ್ತಾರೆ ಈಗ.

ಅಷ್ಟರಲ್ಲಿ ಆಡಳಿತ ಮಂಡಳಿಯೂ ತೀರ್ಮಾನ ಮಾಡಿತ್ತು. ತಿಂಗಳ ಕೊನೆಯೊಳಗೆ ವಿಜ್ಞಾನಕ್ಕೆ ಶಿಕ್ಷಕರು ಸಿಗದಿದ್ದರೆ ಪ್ರಯೋಗಾಲಯಕ್ಕೆ ಬೀಗ, ಎಂಟನೇ ತರಗತಿಗೆ ಪರದೆಯ ಮೇಲೆ ವಿಡಿಯೊ ಪಾಠ. ಪರದೆಯಿಂದ ಬಿಡಿಸಿಕೊಂಡು ಬಂದ ಮಕ್ಕಳು ಮತ್ತೆ ಪರದೆಗೇ!

ಮಾರನೇ ದಿನ ಬದಲಿ ಅಕ್ಕ ಹೋಗಿ ಎಂಟನೇ ತರಗತಿಯ ಕೊನೆಯ ಬೆಂಚಿನಲ್ಲಿ ಕೂತರು. ಅದರ ಮರುದಿನವೂ ಕೂತರು. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಒದ್ದೆ ಹತ್ತಿ ತುಂಬಿದ ಲೋಟದಲ್ಲಿ ಹುರುಳಿಕಾಯಿ ಬೀಜ ಮೊಳೆಸಿದ್ದಳು. ಲೋಟವನ್ನು ಬೀರುವಿನಲ್ಲಿ ಅಡ್ಡ ಮಲಗಿಸಿಟ್ಟಿದ್ದರೂ ಮೊಳಕೆ ಬಾಗಿ ಮೇಲಕ್ಕೇ ಎದ್ದಿತ್ತು. "ಬೀರುವಿನಲ್ಲಿ ಕತ್ತಲೆ. ಮೇಲೆ ಯಾವ ಕಡೆ ಅಂತ ಇದಕ್ಕೆ ಹೇಗೆ ಗೊತ್ತಾಯ್ತು?" ಎಂದು ಕೇಳಿದಳು. ಹಿಂದೆ ಭಾಷಾ ಶಿಕ್ಷಕಿಯಾಗಿದ್ದ ಅಕ್ಕ ಕೂತಲ್ಲಿಂದಲೇ ವಿಜ್ಞಾನದ ಮೇಡಂಗೆ ಫೋನು ಹಚ್ಚಿದರು. "ವಾಪಸ್ ಬನ್ನಿ ಅಂತ ಕರೀತಿಲ್ಲ ಮೇಡಂ. ಇಲ್ಲೊಂದು ಪ್ರಶ್ನೆ ಇದೆ, ನನಗೆ ಬರ್ತಿಲ್ಲ," ಎಂದು ಫೋನನ್ನು ಹುಡುಗಿಯ ಕೈಗೆ ಕೊಟ್ಟರು.

ಹುಡುಗಿ ಪ್ರಶ್ನೆಯನ್ನು ಮತ್ತೆ ಕೇಳಿದಳು. ಮೇಡಂ ಹೇಳಿದರು, "ಉತ್ತರ ಹೇಳಲ್ಲ. ಲೋಟನ ಈಗ ಇನ್ನೊಂದು ಮಗ್ಗುಲಿಗೆ ಹೊರಳಿಸಿಡು. ನಾಡಿದ್ದು ಏನಾಗಿದೆ ಹೇಳು."

ನಾಡಿದ್ದು ಮೇಡಂ ತಾವೇ ಬಂದರು. ಫೋನಿನಲ್ಲಿ ಹೇಳಿದರೆ ನಂಬುವುದು ಹೇಗೆ, ಕಣ್ಣಾರೆ ನೋಡಬೇಕು ಎಂಬ ನೆಪ. ನೋಡಲು ಬಂದವರು ಕೊನೆಯ ಗಂಟೆ ಹೊಡೆದರೂ ಎದ್ದಿರಲಿಲ್ಲ. ಅಂದಿನಿಂದ ಪಾಠಕ್ಕೂ ಬರುತ್ತಿದ್ದಾರೆ, ಬೀಗದ ಮಾತು ಸದ್ಯಕ್ಕೆ ಮುಂದಕ್ಕೆ ಹೋಗಿದೆ. ಆದರೆ ಮೇಡಂ ಪ್ರತಿ ಶುಕ್ರವಾರ ಹೇಳುವುದು ಒಂದೇ, "ಈ ವಾರ ಬಂದೆ, ಮುಂದಿನದು ಗೊತ್ತಿಲ್ಲ." ಬದಲಿ ಅಕ್ಕನಿಗೆ ಶನಿವಾರ, ಭಾನುವಾರ ಅನ್ನ ಸೇರುವುದಿಲ್ಲ.

ಈಗ ಬಿಟ್ಟು ಹೋದ ಯಾರಿಗೇ ಫೋನು ಮಾಡುವ ಮೊದಲೂ ಅಕ್ಕ ಅವರ ತರಗತಿಯಲ್ಲಿ ಕೂತು ಬರುತ್ತಾರೆ. ಹೀಗೆ ಕೆಲವರು ಮರಳಿದ್ದಾರೆ, ಕೆಲವರು ಮರಳಿಲ್ಲ. ಆಸೆ ಏನು ಎಂದು ಕೇಳಿದರೆ ಒಲೆ ಒರೆಸುತ್ತಾ ನಗುತ್ತಾರೆ. "ಒಂದಿನ ಬೆಳಗ್ಗೆ ಈ ಫೋನು ಸುಮ್ನಿರ್ಬೇಕು. ಬಿಸಿ ಚಹಾ ಬಿಸಿಯಾಗೇ ಕುಡೀಬೇಕು."

ಮಾತು ಮುಗಿಯುವ ಮೊದಲೇ ಫೋನು ಮತ್ತೆ ಬಡಿದುಕೊಳ್ಳುತ್ತದೆ. ವಿಜ್ಞಾನದ ಮೇಡಂ. ಈ ಹೊತ್ತಿನಲ್ಲಿ ಅವರೆಂದೂ ಮಾಡಿದವರಲ್ಲ. ಅಕ್ಕನ ಮುಖ ಬಿಳಿಚಿಕೊಳ್ಳುತ್ತದೆ. ಆ ಕಡೆಯಿಂದ ಒಡೆದ ದನಿ: "ಅಕ್ಕ, ಪಾಠ ಮಾಡಿ ಮಾಡಿ ಗಂಟಲು ಕಟ್ಟಿದೆ. ಇವತ್ತೊಂದಿನ ರಜೆ ಬೇಕಿತ್ತು."

ಅಕ್ಕ ಸ್ಟೂಲಿನ ಮೇಲೆ ಕೂರುತ್ತಾರೆ. ಕಣ್ಣಲ್ಲಿ ನೀರು ತುಂಬಿದೆ. ಅತ್ತೆ ಗಾಬರಿಬಿದ್ದು ಓಡಿ ಬರುತ್ತಾರೆ. "ಏನಾಯ್ತೇ? ಯಾರಿಗೇನಾಯ್ತು?"

"ರಜೆ ಕೇಳಿದ್ರು ಅತ್ತೆ."

"ಅದಕ್ಕೆ ಯಾರಾದ್ರೂ ಅಳ್ತಾರಾ?"

"ಬಿಟ್ಟು ಹೋಗೋರು ರಜೆ ಕೇಳಲ್ಲ ಅತ್ತೆ," ಎಂದು ಕಣ್ಣೊರೆಸಿಕೊಂಡು, ಎಂಟನೇ ತರಗತಿಗೆ ಒಂದು ದಿನದ ಬದಲಿ ಹುಡುಕಲು ಅವರು ಮತ್ತೆ ಫೋನು ಹಚ್ಚುತ್ತಾರೆ.