ಅಕ್ಕ ಸಾಕಿದ ಬೂಷ್ಟು

ನನ್ನ ಅಕ್ಕ ಹನ್ನೆರಡು ದಿನ ಜೋಪಾನ ಮಾಡಿದ್ದನ್ನು ನಾನು ಅರ್ಧ ಗಂಟೆಯಲ್ಲಿ ಕೊಂದೆ. ಅದೂ ಒಳ್ಳೆಯ ಮನಸ್ಸಿನಿಂದ.

ಅಕ್ಕನ ಮನೆ ಭಟ್ಕಳದ ಹತ್ತಿರದ ಬೆಳಕೆ ಊರಿನಲ್ಲಿ. ಭಾವ ಮೀನಿನ ಬೋಟಿಗೆ ಹೋಗುತ್ತಾರೆ, ಅಕ್ಕ ಮಲ್ಲಿಗೆ ಬೆಳೆಯುತ್ತಾಳೆ. ಅರವತ್ತು ಗಿಡ. ಒಂದೊಂದನ್ನೂ ತಾನೇ ನೆಟ್ಟವಳು. ಬೆಳಕು ಹರಿಯುವಾಗ ಮೊಗ್ಗು ಕೊಯ್ದು, ಮಾಲೆ ಕಟ್ಟಿ, ಭಟ್ಕಳಕ್ಕೆ ಬಸ್ಸಿನಲ್ಲಿ ಒಯ್ಯುತ್ತಾಳೆ.

ಈ ಸಲ ಮೊದಲ ಮಳೆ ಬಿದ್ದ ವಾರ ನಾನು ಹೊನ್ನಾವರದಿಂದ ಹೋದಾಗ ಅವಳು ಪೇಟೆಗೆ ಹೋಗಿಯಾಗಿತ್ತು. ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಹಿತ್ತಲ ಶೆಡ್ಡಿನ ಮೂಲೆಯಲ್ಲಿ ಒದ್ದೆ ಗೋಣಿ ಹೊದ್ದ ಗೊಬ್ಬರದ ರಾಶಿ ಕಂಡಿತು. ಗೋಣಿ ಎತ್ತಿದೆ. ಮೇಲಿಂದ ಕೆಳಗಿನವರೆಗೆ ಹಸಿರು ಬೂಷ್ಟು!

(ನಮ್ಮ ಕಡೆ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಯಾವುದನ್ನೂ ಬೂಷ್ಟು ಬಿಡುವುದಿಲ್ಲ. ನನಗಂತೂ ಅದನ್ನು ಕಂಡರೆ ಸೀನು.)

ಬಚ್ಚಲ ಹತ್ತಿರ ಬ್ಲೀಚಿಂಗ್ ಪುಡಿಯ ಡಬ್ಬ ಇತ್ತು. ಧಾರಾಳವಾಗಿ ಉದುರಿಸಿದೆ. ನಾಲ್ಕು ಬಕೆಟ್ ನೀರು ಹೊಯ್ದೆ. ರಾಶಿಯನ್ನು ಬುಟ್ಟಿಯಲ್ಲಿ ಹೊತ್ತು ಚರಂಡಿಯಾಚೆ ಚೆಲ್ಲಿ, ನೆಲ ಗುಡಿಸಿ, ಚಹಾ ಮಾಡಿಕೊಂಡು ಕುಡಿದೆ. ತೃಪ್ತಿಯಾಯಿತು.

ಅಕ್ಕ ಬಂದವಳೇ ಶೆಡ್ಡಿನ ಬಾಗಿಲಲ್ಲಿ ನಿಂತಳು.

"ಇಲ್ಲಿದ್ದ ಗೊಬ್ಬರ ಎಲ್ಲಿ?"

"ಪೂರಾ ಬೂಷ್ಟು ಹಿಡಿದಿತ್ತಕ್ಕ. ಬ್ಲೀಚಿಂಗ್ ಹಾಕಿ ತೆಗೆದೆ."

"ಹಿಡಿದದ್ದಲ್ಲ ಮಾರಾಯ್ತಿ, ನಾನು ಹಿಡಿಸಿದ್ದು!"

ಬಯ್ಯಲಿಲ್ಲ. ನನ್ನ ಕೈ ಹಿಡಿದು ಗಿಡಗಳ ಹತ್ತಿರ ಕರೆದೊಯ್ದಳು. ಮೊದಲ ಸಾಲಿನಲ್ಲಿ ಮೂರು ಗಿಡ ನಿಂತಲ್ಲೇ ಬಾಡಿದ್ದವು. ಒಂದನ್ನು ಎಳೆದಳು. ಬುಡದಲ್ಲಿ ಬಿಳಿ ನೂಲಿನಂಥದ್ದು, ಅದರ ನಡುವೆ ಸಾಸಿವೆಯಂಥ ಕಾಳು. ಇದೂ ಬೂಷ್ಟೇ ಎಂದಳು. ಆದರೆ ಇದು ಬೇರು ಕೊಳೆಸುವ ಜಾತಿ. ನಾನು ಕೊಂದದ್ದು ಇದನ್ನು ತಿನ್ನುವ ಜಾತಿ. ಹೆಸರು ಟ್ರೈಕೋಡರ್ಮ. ಅದರ ಪುಡಿಯನ್ನು ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿಯಲ್ಲಿ ಬೆರೆಸಿ, ನೆರಳಲ್ಲಿಟ್ಟು, ಒಣಗದ ಹಾಗೆ ನೀರು ಚಿಮುಕಿಸುತ್ತ ಎರಡು ವಾರ ಬೆಳೆಸಬೇಕು. ಆಮೇಲೆ ಗಿಡದ ಬುಡಕ್ಕೆ. ಇನ್ನು ಎರಡೇ ದಿನ ಬಾಕಿಯಿತ್ತು.

ಇಲ್ಲೊಂದು ವಿಷಯ ಹೇಳಲೇಬೇಕು. ನಾನು ಹೈಸ್ಕೂಲಿನ ವಿಜ್ಞಾನ ಟೀಚರ್. 'ಶಿಲೀಂಧ್ರಗಳ ಉಪಯೋಗಗಳನ್ನು ಬರೆಯಿರಿ' ಎಂಬ ಪ್ರಶ್ನೆಗೆ ವರ್ಷವೂ ಅಂಕ ಕೊಡುತ್ತೇನೆ. ಕಡಿಮೆ ಬರೆದವರಿಗೆ ಕಡಿಮೆ.

"ನಿಂಗೆ ಗೊತ್ತಿರ್ಲಿಲ್ವನೇ?" ಎಂದಳು ಅಕ್ಕ. ಗೊತ್ತಿತ್ತು ಅಂದರೆ ಮರ್ಯಾದೆಯೋ, ಗೊತ್ತಿರಲಿಲ್ಲ ಅಂದರೆ ಮರ್ಯಾದೆಯೋ?

ಮರುದಿನ ಇಬ್ಬರೂ ಭಟ್ಕಳದ ಗೊಬ್ಬರದಂಗಡಿಗೆ ಹೋದೆವು. ಅಲ್ಲಿ ಗಿರಾಕಿಗಳೆಲ್ಲ ಯಾವುದು ಬೇಗ ಸಾಯಿಸುತ್ತದೆ ಎಂದು ಕೇಳುತ್ತಿದ್ದರು. ಅಕ್ಕ ಪ್ಯಾಕೆಟ್ಟಿನ ಡೇಟ್ ನೋಡಿ, "ಇದು ಜೀವ ಇದ್ದದ್ದು ಹೌದಾ?" ಎಂದು ಕೇಳಿದಳು. ಅಂಗಡಿಯವರು ನೆರಳಲ್ಲಿಟ್ಟ ಬೇರೆ ಪ್ಯಾಕೆಟ್ ತಂದುಕೊಟ್ಟು, "ಕೆಮಿಕಲ್ ಜೊತೆ ಬೆರೆಸೂಕಿಲ್ಲ, ಸತ್ತೋಗ್ತದೆ" ಎಂದರು. ಅಕ್ಕ ನನ್ನನ್ನು ನೋಡಲಿಲ್ಲ. ನೋಡಿದ್ದರೇ ಚೆನ್ನಾಗಿತ್ತು.

ಎರಡನೇ ರಾಶಿ ಹಾಕಿದ್ದು ನಾನು. ಗೋಣಿ ಹೊದಿಸಿದ್ದೂ ನಾನು. ಶನಿವಾರ ಶಾಲೆ ಬಿಟ್ಟ ಕೂಡಲೇ ಬಸ್ಸು ಹತ್ತಿ ಬೆಳಕೆಗೆ. ಆದರೆ ರೋಗ ಶನಿವಾರದ ತನಕ ಕಾಯುತ್ತದೆಯೇ? ಮೊದಲ ಸಾಲು ಪೂರ್ತಿ ಹೋಯಿತು. ಎರಡನೆಯದರಲ್ಲಿ ನಾಲ್ಕು. ಸತ್ತ ಗಿಡಗಳನ್ನು ಬೇರುಸಹಿತ ಕಿತ್ತು ಸುಡುವ ಕೆಲಸ ನನ್ನದು. ಅಕ್ಕ ಬೆನ್ನು ತಿರುಗಿಸಿ ಉಳಿದ ಗಿಡಗಳಿಗೆ ನೀರು ನಿಲ್ಲದಂತೆ ಕಾಲುವೆ ತೋಡುತ್ತಿದ್ದಳು. ಒಂದು ಸಲ ಮಾತ್ರ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರಿರಬೇಕು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭ.

ಬೋಟಿನಿಂದ ಬಂದ ಭಾವ ಎಲ್ಲ ಕೇಳಿ, "ಆತು, ಬೋಟಿಗೆ ಮಾತ್ರ ಬರೂದು ಬೇಡ ಹಾಂ" ಎಂದರು.

ಹದಿನಾಲ್ಕನೇ ದಿನ ಗೋಣಿ ಎತ್ತಿದರೆ ರಾಶಿ ತುಂಬ ಹಸಿರು. ಮೂರು ಸಲ ಸೀನಿದೆ. ಜೀವನದಲ್ಲಿ ಮೊದಲ ಬಾರಿ ಬೂಷ್ಟು ಕಂಡು ಖುಷಿಪಟ್ಟೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಂದೊಂದು ಬುಡಕ್ಕೂ ಹಾಕಿ ಮಣ್ಣು ಮುಚ್ಚಿದೆವು.

"ಬದುಕ್ತಾವೇನಕ್ಕ?"

"ಬದುಕಿದ್ರೆ ಇದ್ರಿಂದ. ಸತ್ರೆ ನಿನ್ನಿಂದ."

ಅದು ಲೆಕ್ಕಕ್ಕೆ ಸರಿಯೇ ಇತ್ತು.

ಮೂರನೇ ಸಾಲಿನಲ್ಲಿ ಎರಡು ಗಿಡ ಆಮೇಲೂ ಹೋದವು. ಅಲ್ಲಿಗೆ ನಿಂತಿತು. ಗೊಬ್ಬರದ ಬೂಷ್ಟೋ, ಅಕ್ಕ ತೋಡಿದ ಕಾಲುವೆಯೋ, ಎರಡೂ ಸೇರಿಯೋ, ನಾನು ತೀರ್ಪು ಕೊಡುವುದಿಲ್ಲ. (ಅಂಕ ಕೊಡುವ ಧೈರ್ಯ ಸ್ವಲ್ಪ ಕಡಿಮೆಯಾಗಿದೆ.) ಮೊನ್ನೆ ಹೋದಾಗ ಉಳಿದವು ಚಿಗುರಿದ್ದವು. ರೋಗದ ಕಾಳು ಮಣ್ಣಿನಲ್ಲೇ ಉಳಿದಿರುತ್ತದೆ, ಖಾಲಿ ಸಾಲುಗಳಲ್ಲಿ ಈಗಲೇ ಮಲ್ಲಿಗೆ ನೆಡುವ ಹಾಗಿಲ್ಲ. ಅಕ್ಕ ಅಲ್ಲಿ ಏನನ್ನೂ ಹಾಕಿಲ್ಲ. ನಾನು ಅತ್ತ ನೋಡದೆ ದಾಟಿದೆ.

ದನ ನುಗ್ಗಿದರೆ ಬೇಲಿ ತಡೆಯುತ್ತದೆ. ಒಳ್ಳೆಯದು ಮಾಡುತ್ತೇನೆಂದು ನುಗ್ಗುವ ಒಡಹುಟ್ಟಿದವಳನ್ನು ಯಾವ ಬೇಲಿ ತಡೆಯುತ್ತದೆ, ಹೇಳಿ?