ಸೂಜಿ ಹಾಕದ ಡಾಕ್ಟರು

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡು ನೋಡಿಕೊಳ್ಳುತ್ತಿದ್ದೆ. ಆಗ ನಮ್ಮ ಕಡೆಯ ಜನಕ್ಕೆ ಸೂಜಿ ಹಾಕಿದವನೇ ಡಾಕ್ಟರು, ಔಷಧಿ ನೀರು ಕೊಟ್ಟವನು ಬರೀ ಕಾಂಪೌಂಡರು. ಈ ಹುಚ್ಚನ್ನು ನೆನೆದರೆ ಇವತ್ತಿಗೂ ನನಗೆ ಹೇಸಿಗೆಯಾಗುತ್ತದೆ.

ಒಂದು ಮಳೆಗಾಲದಲ್ಲಿ ಪೋಲಿಯೋ ಎದ್ದಿತ್ತು. ಹರಿಹರದಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವ ದಸ್ತಗೀರ್ ಒಂದು ಬೆಳಿಗ್ಗೆ ಮೂರು ವರ್ಷದ ಮಗಳು ಮುನ್ನಿಯನ್ನು ಎತ್ತಿಕೊಂಡು ಬಂದ. ಜ್ವರ ಇಳಿದಿತ್ತು. ಎಡಗಾಲು ಮಾತ್ರ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಆ ತೊಡೆಯ ಮೇಲೆ ಸೂಜಿಯ ಗಂಟು.

"ಜ್ವರ ಇದ್ದಾಗ ಸೂಜಿ ಹಾಕ್ಸಿದ್ರೇನು?"

"ಹೌದ್ರಿ ಸಾಬ್. ನಮ್ಮಮ್ಮ ಹಾಕಿಸ್ಕೊಂಡ್ ಬಂದ್ಲು."

ಪೋಲಿಯೋ ವೈರಸ್ ಬೆನ್ನುಹುರಿಯ ನರಕೋಶಗಳನ್ನು ಹಾಳುಮಾಡುತ್ತದೆ. ಆ ಜ್ವರದಲ್ಲಿ ಸ್ನಾಯುವಿಗೆ ಸೂಜಿ ಚುಚ್ಚಿದರೆ ಚುಚ್ಚಿದ ಅಂಗಕ್ಕೇ ಲಕ್ವ ಹೊಡೆಯುವ ಸಂಭವ ಹೆಚ್ಚು. ಸುಮ್ಮನೆ ಮಲಗಿಸಿದರೆ ಬಹಳಷ್ಟು ಮಕ್ಕಳು ಎದ್ದು ಓಡಾಡುತ್ತವೆ. ಇದನ್ನು ಹೇಳುತ್ತಿದ್ದಂತೆ ದಸ್ತಗೀರನ ಮುಖ ಬಿಳಿಚಿತು.

"ಸಾಬ್, ನನ್ನ ಮಗ ಬಾಬುಗೂ ಇವತ್ತು ಮೈ ಸುಡ್ತೈತೆ. ಅಮ್ಮ ಅಲ್ಲಿಗೇ ಕರ್ಕೊಂಡ್ ಹೋಗ್ತೀನಿ ಅಂತಿದ್ಲು!"

ಮುನ್ನಿಯನ್ನು ನರ್ಸಿಗೆ ಒಪ್ಪಿಸಿ ಇಬ್ಬರೂ ಹರಿಹರಕ್ಕೆ ಜೀಪು ಹತ್ತಿದೆವು.

ಮುನ್ನಿಗೆ ಸೂಜಿ ಹಾಕಿದ ಆ 'ಡಾಕ್ಟರು' ಹಿಂದೆ ಔಷಧಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಿದ್ದವನು. ಇದ್ದದ್ದು ಒಂದೇ ಸೂಜಿ. ಒಬ್ಬರಿಗೆ ಚುಚ್ಚಿ, ತಂಬಿಗೆಯ ನೀರಿನಲ್ಲಿ ಅದ್ದಿ, ಪಂಚೆಗೆ ಒರೆಸಿ ಮತ್ತೊಬ್ಬರಿಗೆ. ದಸ್ತಗೀರನ ತಾಯಿ ಹುಸೇನಬಿ ಮೊಮ್ಮಗನನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಕೂತಿದ್ದಳು. ಚಡ್ಡಿ ಜಾರಿಸಿಯಾಗಿತ್ತು.

"ನಿಲ್ಸಯ್ಯಾ!" ಎಂದು ಅರಚಿದೆ.

ಅವನು ಹಲ್ಲು ಕಿರಿದ. "ಯಾಕ್ ಸಿಟ್ಟಾಗ್ತೀರಿ ಸಾರ್? ಜನ ಕೇಳ್ತಾರ, ನಾ ಚುಚ್ತೀನಿ. ಬ್ಯಾಡ ಅಂದ್ರ ಬೇರೆ ಕಡೆ ಹೋಗಿ ಚುಚ್ಚಿಸ್ಕೊಂತಾರ."

ಥೂ! ಕೀವು ಸೋರುವ ಎಷ್ಟೋ ಹುಣ್ಣು ತೊಳೆದಿದ್ದೇನೆ. ಆ ನಗುವಿನಷ್ಟು ಹೊಲಸು ಯಾವುದರಲ್ಲೂ ಕಂಡಿಲ್ಲ.

ಹುಸೇನಬಿ ಅವನ ಕಡೆಗೇ ನಿಂತಳು. "ಸೂಜಿ ಇಲ್ದೆ ಜ್ವರ ಹೆಂಗ್ರಿ ಹೋಗ್ತೈತೆ?" ದಸ್ತಗೀರ್ ಮಗನನ್ನು ಅವಳ ತೊಡೆಯಿಂದ ಎತ್ತಿಕೊಂಡ.

ಬಾಬುವನ್ನು ವಾರ್ಡಿನಲ್ಲಿ ಮಲಗಿಸಿ, ಹಣೆಗೆ ತಣ್ಣೀರು ಪಟ್ಟಿ ಹಾಕಿ, ಗಂಜಿ ಕುಡಿಸಿದೆವು. ಅಷ್ಟೇ. ಹುಸೇನಬಿಯ ಗೊಣಗಾಟ ನಿಲ್ಲಲಿಲ್ಲ: "ಇಷ್ಟ್ ದೊಡ್ಡ ದವಾಖಾನ್ಯಾಗ ಒಂದ್ ಸೂಜಿಗೂ ಗತಿ ಇಲ್ವಲ್ಲ!" ಬಾಬುವಿನ ಜ್ವರ ಬಿಟ್ಟಿತು, ಕಾಲು ಉಳಿಯಿತು. ಮುನ್ನಿಯ ಕಾಲು ಮರಳಲಿಲ್ಲ. ಆ ಪುಣ್ಯಾತ್ಮನ ಮೇಲೆ ದೂರು ಬರೆದೆ. ಅಂಗಡಿ ಮುಚ್ಚಿ ಪಕ್ಕದ ಓಣಿಯಲ್ಲಿ ತೆರೆದ.

ಕೆಲವು ತಿಂಗಳ ಮೇಲೆ ಹರಿಹರದ ಪೇಟೆಯಲ್ಲಿ ಹುಸೇನಬಿ ಎದುರಾದಳು. ಸೊಂಟದ ಮೇಲೆ ಮುನ್ನಿ, ಪಕ್ಕದಲ್ಲಿ ಬಾಬು. ನನ್ನನ್ನು ತೋರಿಸಿ ಜೊತೆಯವಳಿಗೆ ಹೇಳಿದಳು: "ಇವ್ರೇ ನೋಡವ್ವ, ಬಾಬುಗೆ ಏನೂ ಮಾಡ್ಲಿಲ್ಲ, ಸುಮ್ನೆ ಮಲಗಿಸಿದ್ರು. ಮುನ್ನಿ ಜೀವ ಉಳಿಸಿದ್ದು ಆ ಸೂಜಿ ಡಾಕ್ಟ್ರು. ಕಾಲು ಹೋದ್ರ ಹೋಗ್ಲಿ, ಜೀವ ಐತಲ್ಲ."

ಕೈ ತಡೆದು ಕಾಯುವುದೂ ಚಿಕಿತ್ಸೆ, ಅದಕ್ಕೆ ಯಾರೂ ಕೈ ಮುಗಿಯುವುದಿಲ್ಲ ಎಂದು ನನ್ನ ಕೆಲಸ ನನಗೆ ಕಲಿಸಿದ್ದು ಅಲ್ಲಿ. ಅಷ್ಟರಲ್ಲಿ ಬಾಬು ನಾಯಿಮರಿಯೊಂದರ ಹಿಂದೆ ಓಡಿದ. ತಾನೂ ಇಳಿಯಬೇಕೆಂದು ಮುನ್ನಿ ಅಜ್ಜಿಯ ಸೊಂಟದ ಮೇಲೆ ಕಾಲು ಬಡಿದಳು. ಬಲಗಾಲು ಒಂದೇ ಆಡಿತು.