ಉಲ್ಟಾ ಹಚ್ಚಿದ ತಂತಿ

ಸುನಂದಾ ಅವರೇ, ಆ ನಾಲ್ಕು ಸೌರಕೋಶಗಳನ್ನು ಕೆಡಿಸಿದವನು ನಾನು. ನಿಮ್ಮ ಕೈಯ ತೇವ ಅಲ್ಲ.

ಆ ಶನಿವಾರ ನಮ್ಮ ಪುಣೆಯ ಪ್ರಯೋಗಾಲಯದಲ್ಲಿ ಪರೀಕ್ಷೆಗೆ ತಂತಿ ಹಚ್ಚಿದ್ದು ನಾನೇ — ಕೆಂಪು ಇರಬೇಕಾದಲ್ಲಿ ಕಪ್ಪು. ಎರಡು ದಿನ ಅವು ಉಲ್ಟಾ ವೋಲ್ಟೇಜ್ ತಿಂದವು. ಆ ಕೋಶಗಳೊಳಗಿನ ಪೆರೊವ್‌ಸ್ಕೈಟ್ ಪದರ ಸಿಲಿಕಾನಿನಂಥ ಗಟ್ಟಿ ಜೀವ ಅಲ್ಲ. ಕರೆಂಟನ್ನು ಹಿಂದಕ್ಕೆ ನೂಕಿದರೆ ಒಳಗಿನ ಅಯಾನುಗಳು ಜಾಗ ಬಿಟ್ಟು ಸರಿಯುತ್ತವೆ, ಮೇಲಿನ ಲೋಹ ಪದರದೊಳಗೆ ಇಳಿಯುತ್ತದೆ. ಸೋಮವಾರ ನೋಡಿದರೆ ಕಪ್ಪು ಪದರ ಹಳದಿ ತಿರುಗಿತ್ತು. ತೇವ ಹೊಕ್ಕರೂ ಹಳದಿಯೇ. ಅಷ್ಟು ಸಾಕಾಯಿತು ನನಗೆ.

ನಮ್ಮಲ್ಲಿ ಪದ್ಧತಿಯೇ ಹಾಗಿತ್ತಲ್ಲ — ಯಾವ ಕೋಶ ಕೆಟ್ಟರೂ ಮಳೆಗಾಲದ ಮೇಲೆ ಹಾಕು. ತಂತಿ ಹೇಗೆ ಹಚ್ಚಿದ್ದೆ ಎಂದು ಕೇಳುವವರಿಲ್ಲ. ಅಂಥ ಪಂಡಿತರು! ಗೈಡ್ ಸಾಹೇಬರಿಗೆ ಮರಾಠಿಯಲ್ಲಿ ಹೇಳಿದೆ, ಲೇಪ ಹಾಕುವಾಗ ಸುನಂದಾ ಅವರ ಕೈಗವಸು ಹಸಿ ಇತ್ತು ಅಂತ.

“ಇದ್ದರೂ ಇರಬಹುದು ಸರ್,” ಅಂದಿರಿ ನೀವು.

ನಿಮಗೆ ನಿಮ್ಮ ಮೇಲೆಯೇ ಅನುಮಾನ ಬಂತು. ನನಗೆ ಬರಲಿಲ್ಲ. ನೀವೇ ಅದೇ ದಿನ ಲೇಪಿಸಿದ, ತಂತಿ ಹಚ್ಚದ ಇನ್ನೆರಡು ಕೋಶ ಪೆಟ್ಟಿಗೆಯಲ್ಲಿ ಕಪ್ಪಗೆ, ನೆಟ್ಟಗೆ ಕೂತಿದ್ದವು. ಅವನ್ನು ನನ್ನ ಡ್ರಾವರಿನಲ್ಲಿಟ್ಟು ಕೀಲಿ ಹಾಕಿದೆ.

ನಮ್ಮ ಮನೆತನದ ಮೊದಲ ಪದವೀಧರ ನಾನು, ಜಾರಿದರೆ ಮಾರ್ಕೆಟ್ ಯಾರ್ಡಿನ ಚೀಲವೇ ಗತಿ. ನಿಮಗಾದರೆ ಸ್ವಾರಗೇಟದಲ್ಲಿ ಅಪ್ಪನ ಹೋಟೆಲ್ ಇದೆ — ಹೀಗಂತ ಸಮಾಧಾನ ಹೇಳಿಕೊಂಡೆ. ಥೂ. ಆ ಯಾರ್ಡಿನಲ್ಲಿ ಉಳ್ಳಾಗಡ್ಡಿ ಚೀಲ ಹೊತ್ತು ನನ್ನನ್ನು ಓದಿಸಿದ ಅಪ್ಪ, ಎತ್ತುವ ಕೊಕ್ಕೆಗೆ ಸಿಕ್ಕು ಚೀಲ ಹರಿದರೆ “ನನ್ನ ಹುಕ್ಕ ತಾಗೇದರಿ” ಅಂತ ತಾನೇ ಮುಂದೆ ಬಂದು ಬೈಸಿಕೊಳ್ಳುತ್ತಿದ್ದ. ಹೆಬ್ಬೆಟ್ಟು ಒತ್ತುವವ ಆತ. ಓದಿದವ ನಾನು.

ನೀವು ಸಂಶೋಧನೆ ಬಿಟ್ಟಿರಿ. ನನ್ನ ಹೆಸರಿಗೆ ಡಾಕ್ಟರ್ ಅಂಟಿಕೊಂಡಿತು.

ಹೋದ ವಾರ ನಿಮ್ಮ ಹೋಟೆಲಿಗೆ ಬಂದದ್ದು ಇದನ್ನು ಹೇಳಲೆಂದೇ. ನೀವು ನಗುತ್ತಾ ಅಂದಿರಿ: “ಈಗ್ಲೂ ಹಿಟ್ಟು ಮುಟ್ಟುವ ಮೊದಲು ಎರಡೆರಡು ಸಲ ಕೈ ಒರೆಸ್ಕೊಳ್ತೇನೆ ಮಾರಾಯ್ರೆ.”

ಚಹಾ ಕುಡಿದು ಎದ್ದು ಬಂದೆ. ಹೇಡಿ —

ಇವತ್ತು ಬೆಳಿಗ್ಗೆ ಆ ಎರಡು ಕೋಶಗಳನ್ನು ಗೈಡ್ ಸಾಹೇಬರ ಮೇಜಿನ ಮೇಲಿಟ್ಟು, ನಡೆದದ್ದನ್ನೆಲ್ಲ ಬರೆದು ಸಹಿ ಮಾಡಿ ಕೊಟ್ಟೆ. ಡಾಕ್ಟರ್ ಹೋದರೆ ಹೋಗಲಿ. ನೀವು ಕ್ಷಮಿಸಬೇಕಿಲ್ಲ.

ನಿಮ್ಮ ಕೈ ಒಣಗಿಯೇ ಇತ್ತು, ಸುನಂದಾ.